ಎರೆಮಣ್ಣೋ ಮಸಾರಿಯೋ: ಕಟ್ಟಡದ ಸೈಟಿನ ರಾಡಿ ನೀರು ತಡೆಯಲು ಯಾವ ಉಪಾಯ ಆರಿಸಬೇಕು?

ಮಳೆಗಾಲದಲ್ಲಿ ಕಟ್ಟಡದ ಸೈಟಿನಿಂದ ರಾಡಿ ನೀರು ಹೊರಬೀಳದಂತೆ ತಡೆಯಲು ಉಪಾಯಗಳು ಹತ್ತಾರಿವೆ. ಸಿಲ್ಟ್ ಫೆನ್ಸ್ (ಹೂಳು ತಡೆಯುವ ಬಟ್ಟೆಯ ಬೇಲಿ), ಖಡಿ (ಜಲ್ಲಿಕಲ್ಲು) ಚೀಲ, ಒಡ್ಡು, ರಾಡಿ ನೀರು ನಿಂತು ತಿಳಿಯಾಗುವ ಹೂಳು ಹೊಂಡ, ತಾಡಪತ್ರಿ, ಹುಲ್ಲಿನ ಹೊದಿಕೆ, ಗೇಟಿನ ಕಲ್ಲುಹಾಸು ಇವೆಲ್ಲ ಒಳ್ಳೆಯವೇ. ಆದರೆ ಎಲ್ಲವನ್ನೂ ಎಲ್ಲ ಕಡೆ ಹಾಕಲು ಯಾವ ಗುತ್ತಿಗೆದಾರನ ಬಳಿಯೂ ದುಡ್ಡಿರುವುದಿಲ್ಲ, ಹಾಕುವ ಅಗತ್ಯವೂ ಇಲ್ಲ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸುವುದು ಮೊದಲು ಮಣ್ಣು, ಆಮೇಲೆ ಜಾಗದ ಅಳತೆ, ಆಮೇಲೆ ನೀರು ಹೋಗಿ ಸೇರುವ ತಾಣ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಎರೆಮಣ್ಣಿನ, ಅಂದರೆ ಕಪ್ಪು ಜೇಡಿಮಣ್ಣಿನ, ಸೈಟಿನಲ್ಲಿ ಮೊದಲ ದುಡ್ಡು ಹೊದಿಕೆಗೆ ಹೋಗಬೇಕು, ಮಸಾರಿ, ಅಂದರೆ ದಪ್ಪ ಕಣದ ಕೆಂಪು ಮಣ್ಣಿನ, ಸೈಟಿನಲ್ಲಿ ಹೂಳು ಹೊಂಡಕ್ಕೆ. ಇದನ್ನು ತಿರುವುಮುರುವು ಮಾಡಿದರೆ ಎರಡೂ ಕಡೆ ದುಡ್ಡು ಹೋಗುತ್ತದೆ, ರಾಡಿ ಮಾತ್ರ ಗಟಾರಕ್ಕೆ ಹೋಗುತ್ತಲೇ ಇರುತ್ತದೆ.

ಮಣ್ಣು ಯಾಕೆ ಇಷ್ಟು ಮುಖ್ಯ

ನೀರಿನಲ್ಲಿ ತೇಲುವ ಕಣ ತಳಕ್ಕಿಳಿಯುವ ವೇಗ ಅದರ ಅಗಲದ ವರ್ಗಕ್ಕೆ ಅನುಗುಣವಾಗಿರುತ್ತದೆ. ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆ. 0.1 ಮಿ.ಮೀ. ಅಗಲದ ಸಣ್ಣ ಉಸುಕು ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಸುಮಾರು 2 ನಿಮಿಷಕ್ಕೆ ತಳ ಮುಟ್ಟುತ್ತದೆ. 0.01 ಮಿ.ಮೀ. ಹೂಳು ಕಣಕ್ಕೆ ಸುಮಾರು 3 ಗಂಟೆ ಬೇಕು. 0.002 ಮಿ.ಮೀ. ಜೇಡಿ ಕಣಕ್ಕೆ 3 ದಿನ. ಅದಕ್ಕಿಂತ ಸಣ್ಣ ಕಣಗಳಿಗೆ ವಾರದ ಮೇಲೆ.

ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ಗದಗ ಕಡೆಗೆ ಹಬ್ಬಿರುವ ಎರೆಭೂಮಿಯಲ್ಲಿ ಜೇಡಿಯ ಪಾಲೇ ದೊಡ್ಡದು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಹೋದಂತೆ ಮಸಾರಿ, ಕೆಂಪು ಜಂಬಿಟ್ಟಿಗೆ ಮಣ್ಣು ಸಿಗುತ್ತವೆ. ಅವುಗಳಲ್ಲಿ ದಪ್ಪ ಕಣ ಹೆಚ್ಚು. ಹಾವೇರಿ ಜಿಲ್ಲೆಯಲ್ಲಿ ಎರಡೂ ಬೆರೆತಿವೆ, ಒಂದೇ ಲೇಔಟಿನ ಎರಡು ತುದಿಗೆ ಎರಡು ಬಣ್ಣದ ಮಣ್ಣು ಕಾಣುವುದುಂಟು. ಹಾಗಾಗಿ ಊರಿನ ಹೆಸರು ನೋಡಿ ಆಯ್ಕೆ ಮಾಡಬೇಡಿ, ಬಾಟಲಿ ಪರೀಕ್ಷೆ ಮಾಡಿ.

ಪಾರದರ್ಶಕವಾದ 1 ಲೀಟರ್ ನೀರಿನ ಬಾಟಲಿ ತೆಗೆದುಕೊಂಡು ಅದಕ್ಕೆ ಒಂದು ಹಿಡಿ, ಸುಮಾರು 100 ಗ್ರಾಂ, ಮಣ್ಣು ಹಾಕಿ. ಮುಕ್ಕಾಲು ಭಾಗಕ್ಕಿಂತ ತುಸು ಮೇಲೆ ಮಳೆನೀರು ತುಂಬಿ, ಒಂದು ನಿಮಿಷ ಚೆನ್ನಾಗಿ ಅಲುಗಿಸಿ ನೆಟ್ಟಗೆ ಇಡಿ. ಮೊದಲ ನಿಮಿಷದಲ್ಲಿ ಕೂತಿದ್ದು ಉಸುಕು. ಎರಡು-ಮೂರು ಗಂಟೆಯೊಳಗೆ ಕೂತಿದ್ದು ಬಹುಪಾಲು ಹೂಳು. ಮರುದಿನ ಬೆಳಗ್ಗೆಯೂ ನೀರು ಚಹಾದ ಬಣ್ಣದಲ್ಲೇ ಇದ್ದರೆ ಅದು ಚದುರಿದ ಜೇಡಿ, ಅಂಥ ನೀರನ್ನು ಬರೀ ಹೊಂಡ ತೋಡಿ ತಿಳಿಗೊಳಿಸಲಾಗುವುದಿಲ್ಲ. ಮೇಲ್ಮಣ್ಣಿನದೊಂದು, ಪಾಯದ ತಳದ ಮಟ್ಟದ್ದೊಂದು, ಹೀಗೆ ಎರಡು ಬಾಟಲಿ ಮಾಡಿ. ಎರೆಮಣ್ಣಿನ ಕೆಳಗೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಗುವ ಸೈಟುಗಳಲ್ಲಿ ಮೇಲಿನ ಬಾಟಲಿ ಕದಡೇ ಉಳಿದು ಕೆಳಗಿನದು ಬೇಗ ತಿಳಿಯಾಗಬಹುದು. ಕೆಲವು ಎರೆಮಣ್ಣು ಸುಣ್ಣದಂಶ ಹೆಚ್ಚಿರುವುದರಿಂದ ತಾನಾಗಿಯೇ ಗುಪ್ಪೆಗಟ್ಟಿ ಕೂರುತ್ತದೆ. ಅದನ್ನೂ ಬಾಟಲಿಯೇ ಹೇಳುತ್ತದೆ.

ಯಾವ ಅಳತೆಗೆ ಯಾವ ಅನುಮತಿ

ಅಮೆರಿಕದಲ್ಲಿ ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲ ಅಗೆಯುವ ಸೈಟಿಗೆ ಮಳೆನೀರಿನದೇ ಪ್ರತ್ಯೇಕ ಪರವಾನಿಗೆ ಬೇಕು. ನಮ್ಮಲ್ಲಿ ಹಾಗೆ ಒಂದೇ ಕಾಗದ ಇಲ್ಲ, ಹೊಣೆ ನಾಲ್ಕೈದು ಕಡೆ ಹರಿದು ಹಂಚಿಹೋಗಿದೆ. ಅದಕ್ಕೇ ಬಹಳ ಜನ ತಮಗೆ ಯಾವ ನಿಯಮವೂ ಅನ್ವಯಿಸದು ಅಂದುಕೊಳ್ಳುತ್ತಾರೆ.

ಸೈಟು ಎಷ್ಟೇ ಸಣ್ಣದಿರಲಿ, 1974ರ ಜಲ ಕಾಯ್ದೆಯ 24ನೇ ಕಲಂ ಎಲ್ಲರಿಗೂ ಅನ್ವಯಿಸುತ್ತದೆ. ಮಾಲಿನ್ಯಕಾರಕ ವಸ್ತುವನ್ನು ಹಳ್ಳ, ಬಾವಿ, ಒಳಚರಂಡಿಗೆ ತಿಳಿದೂ ಬಿಡುವಂತಿಲ್ಲ. ಮಾಲಿನ್ಯ ಹೆಚ್ಚುವಂತೆ ಹರಿವಿಗೆ ಅಡ್ಡಿಯಾಗುವ ವಸ್ತುವನ್ನೂ ಹಾಕುವಂತಿಲ್ಲ. ಕಟ್ಟಡ ತ್ಯಾಜ್ಯದ 2016ರ ನಿಯಮಗಳು ತ್ಯಾಜ್ಯ ಚೆಲ್ಲಿ ಸಂಚಾರಕ್ಕೋ ಗಟಾರಕ್ಕೋ ಅಡ್ಡಿ ಮಾಡಬಾರದು ಎಂದವು. ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ದಾಟಿದರೆ ತ್ಯಾಜ್ಯವನ್ನು ಬೇರ್ಪಡಿಸಿ, ಕೆಲಸ ಶುರುವಾಗುವ ಮೊದಲೇ ನಿರ್ವಹಣಾ ಯೋಜನೆ ಸಲ್ಲಿಸಬೇಕೆಂದೂ ಅವು ಹೇಳಿದವು. ಆ ನಿಯಮಗಳ ಜಾಗಕ್ಕೆ 2025ರಲ್ಲಿ ಹೊರಡಿಸಿದ ಹೊಸ ನಿಯಮಗಳಿವೆ, ಜಾರಿಯ ದಿನ 2026ರ ಏಪ್ರಿಲ್ 1. 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಯೋಜನೆಗಳಿಗೆ ಇವುಗಳಲ್ಲಿ ಹೆಚ್ಚಿನ ಹೊಣೆಯಿದೆ.

ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿತೆಂದರೆ ಲೆಕ್ಕವೇ ಬೇರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯ 8(ಎ) ಅಡಿ ಪೂರ್ವಭಾವಿ ಪರಿಸರ ಅನುಮತಿ ಬೇಕು. 1,50,000 ಚದರ ಮೀಟರ್ ಅಥವಾ 50 ಹೆಕ್ಟೇರ್ ಮುಟ್ಟಿದರೆ 8(ಬಿ). ಇದರ ಜೊತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ, ಅಂದರೆ ಸಿಎಫ್‌ಇ, ಪಡೆಯಬೇಕು. ಅನುಮತಿ ಪತ್ರದ ಷರತ್ತುಗಳನ್ನು ಪಾಲಿಸಿದ ವರದಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕಾಗುತ್ತದೆ. ಸೈಟ್ ಎಂಜಿನಿಯರ್ ಬಳಿ ಈ ಷರತ್ತುಗಳ ಪ್ರತಿ ಇಲ್ಲದಿರುವುದೇ ಅರ್ಧ ತೊಂದರೆಗೆ ಮೂಲ. ಕಾಗದ ಆಫೀಸಿನ ಕಪಾಟಿನಲ್ಲಿ, ಜೆಸಿಬಿ ಸೈಟಿನಲ್ಲಿ.

ಹೊರಬಿಡುವ ನೀರಿನ ಗುಣಮಟ್ಟಕ್ಕೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿಗಳನ್ನು ಗುರಿಯಾಗಿಟ್ಟುಕೊಳ್ಳಿ. ಹಳ್ಳ-ಕೆರೆಗೆ ಬಿಡುವುದಾದರೆ ತೇಲುವ ಘನವಸ್ತು ಲೀಟರಿಗೆ 100 ಮಿ.ಗ್ರಾಂ., ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 5.5ರಿಂದ 9.0, ಎಣ್ಣೆ-ಗ್ರೀಸ್ 10 ಮಿ.ಗ್ರಾಂ. ಅಗೆದು ಬಿಟ್ಟ ಎರೆಮಣ್ಣಿನ ಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಮೊದಲ ಅಂಕಿಯನ್ನು ಹಲವು ಪಟ್ಟು ದಾಟುತ್ತದೆ.

ಅಂಚಿನ ತಡೆ: ಸಿಲ್ಟ್ ಫೆನ್ಸ್, ಹಸಿರು ನೆಟ್, ಖಡಿ ಚೀಲ, ಒಡ್ಡು

ಹಸಿರು ಶೇಡ್ ನೆಟ್ ಅನ್ನು ಈ ಪಟ್ಟಿಯಿಂದ ಮೊದಲೇ ತೆಗೆದುಹಾಕಿ. ಧೂಳು ತಡೆಯಲು ಅದು ಬೇಕು. ಹುಬ್ಬಳ್ಳಿ-ಧಾರವಾಡ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ಊರು, ಧೂಳಿನ ಪರದೆ ಇಲ್ಲಿ ಐಚ್ಛಿಕವಲ್ಲ. ಆದರೆ ಆ ನೆಟ್ಟಿನ ಕಣ್ಣುಗಳಲ್ಲಿ ರಾಡಿ ನೀರು ಅಡ್ಡಿಯಿಲ್ಲದೆ ಹರಿದುಹೋಗುತ್ತದೆ.

ನಿಜವಾದ ಸಿಲ್ಟ್ ಫೆನ್ಸ್ ಎಂದರೆ ಜಿಯೋಟೆಕ್ಸ್‌ಟೈಲ್, ಅಂದರೆ ನೀರು ಬಿಟ್ಟು ಮಣ್ಣು ಹಿಡಿಯುವ ಬಟ್ಟೆ. ನೆಲದಿಂದ 60-75 ಸೆಂ.ಮೀ. ಎತ್ತರ, ಗೂಟಗಳ ನಡುವೆ 2 ಮೀಟರ್ ಮೀರದ ಅಂತರ, ಬಟ್ಟೆಯ ಬುಡ 15 ಸೆಂ.ಮೀ. ಅಗಲ 15 ಸೆಂ.ಮೀ. ಆಳದ ಕಾಲುವೆಯಲ್ಲಿ ಹೂತಿರಬೇಕು. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಗೆರೆಯಲ್ಲಿ ಹಾಕಿ, ಎರಡೂ ತುದಿಯನ್ನು ಏರಿನ ಕಡೆಗೆ ತಿರುಗಿಸಬೇಕು. ಇಲ್ಲದಿದ್ದರೆ ನೀರು ತುದಿ ಸುತ್ತಿಕೊಂಡು ಹೋಗುತ್ತದೆ. ಬಟ್ಟೆಯ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಹೂಳು ಬಂದಾಗ ತೆಗೆಯಬೇಕು.

ಎರೆಮಣ್ಣಿನಲ್ಲಿ ಇದು ಸೋಲುವುದು ಬುಡದಲ್ಲಿ. ಅಗೆದ ಎರೆಯನ್ನೇ ಕಾಲುವೆಗೆ ತುಂಬಿದರೆ ನಾಲ್ಕು ದಿನ ಬಿಸಿಲು ಬಿದ್ದೊಡನೆ ಅದು ಕುಗ್ಗಿ ಬಟ್ಟೆಯಿಂದ ಬಿಟ್ಟುಕೊಳ್ಳುತ್ತದೆ. ಮುಂದಿನ ಮಳೆಯ ನೀರು ಆ ಬಿರುಕಿನಲ್ಲೇ ತೂರಿ ಹೋಗುತ್ತದೆ, ಮೇಲಿನ ಬಟ್ಟೆ ಒಣಗಿಯೇ ನಿಂತಿರುತ್ತದೆ. ಕಾಲುವೆಗೆ ಗರಸು ಇಲ್ಲವೇ 20 ಮಿ.ಮೀ. ಖಡಿ ತುಂಬಿ ಕುಟ್ಟಿದರೆ ಈ ತೊಂದರೆ ಇಲ್ಲ.

ಉದ್ದದ ಲೆಕ್ಕವೂ ಬೇಕು. ಕಾಲು ಎಕರೆಗೆ, ಅಂದರೆ 10 ಗುಂಟೆಗೆ, 30 ಮೀಟರ್ ಫೆನ್ಸ್ ಎಂಬುದು ಸರ್ವಸಾಮಾನ್ಯ ಮಿತಿ. ಚೌಕಾಕಾರದ 10 ಗುಂಟೆಯ ಒಂದು ಬದಿ ಸುಮಾರು 32 ಮೀಟರ್, ಹಾಗಾಗಿ ಫೆನ್ಸ್ ಸರಿಹೊಂದುತ್ತದೆ. ಒಂದು ಎಕರೆಗೆ 120 ಮೀಟರ್ ಬೇಕು, ಆದರೆ ಇಳಿಜಾರಿನ ಬದಿ ಇರುವುದು 64 ಮೀಟರ್. ಅಂದರೆ 10 ಗುಂಟೆ ದಾಟಿದ ಮೇಲೆ ಬರೀ ಅಂಚಿನ ಫೆನ್ಸ್ ನಂಬುವಂತಿಲ್ಲ. ನಡುವೆ ಇನ್ನೊಂದು ಸಾಲು ಹಾಕಬೇಕು ಅಥವಾ ಹೊಂಡ ತೋಡಬೇಕು. ನೀರು ಒಟ್ಟಾಗಿ ಹರಿಯುವ ತಗ್ಗಿನಲ್ಲಂತೂ ಫೆನ್ಸ್ ಹಾಕಲೇಬಾರದು, ಒತ್ತಡಕ್ಕೆ ಗೂಟಸಮೇತ ಮಲಗುತ್ತದೆ.

ಅಂಥ ತಗ್ಗಿಗೆ, ಗಟಾರದ ಬಾಯಿಗೆ ಖಡಿ ಚೀಲ ಸರಿ. ಖಾಲಿ ಸಿಮೆಂಟ್ ಚೀಲಕ್ಕೆ ಮುಕ್ಕಾಲು ಭಾಗ 20 ಮಿ.ಮೀ. ಖಡಿ ತುಂಬಿ ಬಾಯಿ ಹೊಲಿದು, ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಎರಡು ವರಸೆ ಇಡಿ. ಉಸುಕು ತುಂಬಿದರೆ ನೀರು ಪೂರ್ತಿ ನಿಂತು ರಸ್ತೆ ಮುಳುಗುತ್ತದೆ, ಅರ್ಧ ಗಂಟೆಯಲ್ಲಿ ಯಾರಾದರೂ ಚೀಲ ಎತ್ತಿ ಎಸೆಯುತ್ತಾರೆ. ನಡುವಿನ ಚೀಲ ಅಕ್ಕಪಕ್ಕದ್ದಕ್ಕಿಂತ ಒಂದು ವರಸೆ ತಗ್ಗಿರಲಿ, ಜೋರು ಮಳೆಯ ಹೆಚ್ಚಿನ ನೀರಿಗೆ ದಾರಿ ಬೇಕು.

ಒಡ್ಡಿನ ಕೆಲಸ ಬೇರೆಯೇ. ಅದನ್ನು ಸೈಟಿನ ಮೇಲಿನ ಅಂಚಿಗೆ ಹಾಕಿ. ಮೇಲಿನ ಹೊಲ, ರಸ್ತೆಯಿಂದ ಬರುವ ತಿಳಿನೀರು ಅಗೆದ ಮಣ್ಣನ್ನು ಮುಟ್ಟದಂತೆ ಬದಿಗೆ ತಿರುಗಿಸುವುದು ಇಡೀ ಪಟ್ಟಿಯಲ್ಲೇ ಅಗ್ಗದ, ಅತಿ ಹೆಚ್ಚು ಫಲ ಕೊಡುವ ಕೆಲಸ. 45 ಸೆಂ.ಮೀ. ಎತ್ತರ, ಬುಡದಲ್ಲಿ 1.5 ಮೀಟರ್ ಅಗಲ ಸಾಕು. ಎರೆಯಲ್ಲಿ ಕಟ್ಟಿದ ಒಡ್ಡು ಬೇಸಿಗೆಯಲ್ಲಿ ಸೀಳುತ್ತದೆ, ಮೊದಲ ಮಳೆಗೇ ಸೀಳಿನಲ್ಲಿ ನೀರು ನುಗ್ಗಿ ಒಡೆಯುತ್ತದೆ. ಗರಸಿನಲ್ಲಿ ಕಟ್ಟಿ, ಇಲ್ಲವೇ ಎರೆಯ ಒಡ್ಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚು ಹೂಳಿ.

ಹೂಳು ಹೊಂಡ: ಎಲ್ಲಿ ಫಲ, ಎಲ್ಲಿ ವ್ಯರ್ಥ

25 ಮಿ.ಮೀ. ಮಳೆ ಒಂದು ಗುಂಟೆಯ ಮೇಲೆ ಬಿದ್ದರೆ ಸುಮಾರು 2,500 ಲೀಟರ್, ಒಂದು ಎಕರೆಯ ಮೇಲೆ ಒಂದು ಲಕ್ಷ ಲೀಟರ್. ಎಕರೆಗೆ 3,600 ಘನ ಅಡಿ ಎಂಬ ಅಮೆರಿಕದ ಮಾನದಂಡವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಬಿದ್ದ ನೀರೆಲ್ಲ ಹರಿಯುವುದಿಲ್ಲ. ಅಗೆದ ಹಸಿ ಎರೆಯಲ್ಲಿ ನೂರಕ್ಕೆ 60 ಹರಿಯುತ್ತದೆ ಎಂದುಕೊಂಡರೆ ಎಕರೆಗೆ 60 ಘನ ಮೀಟರ್. ಆದರೂ 100 ಘನ ಮೀಟರಿನ ಹೊಂಡವನ್ನೇ ತೋಡಿ, ಏಕೆಂದರೆ ಇಲ್ಲಿ ಬೆನ್ನುಬೆನ್ನಿಗೆ ಎರಡು ಸಂಜೆ ಮಳೆ ಹೊಡೆಯುವುದು ಅಪರೂಪವಲ್ಲ.

ಮಧ್ಯದ ಆಳದಲ್ಲಿ ಅಳೆದು 14 ಮೀಟರ್ ಉದ್ದ, 5 ಮೀಟರ್ ಅಗಲ, 1.5 ಮೀಟರ್ ನೀರಿನ ಆಳ ಇಟ್ಟರೆ 105 ಘನ ಮೀಟರ್ ಆಯಿತು. ಅದರ ಕೆಳಗೆ ಹೂಳಿಗೆಂದು ಅರ್ಧ ಮೀಟರ್, ಮೇಲೆ 30 ಸೆಂ.ಮೀ. ಖಾಲಿ ಅಂಚು. ಉದ್ದ ಅಗಲದ ಎರಡು ಪಟ್ಟಿಗಿಂತ ಕಡಿಮೆ ಬೇಡ. ನೀರು ಒಳಬರುವ ಬಾಯಿ ಒಂದು ತುದಿಗೆ, ಹೋಗುವ ಬಾಯಿ ಇನ್ನೊಂದು ತುದಿಗೆ ಇರಲಿ. ಎರಡೂ ಒಂದೇ ಮೂಲೆಯಲ್ಲಿದ್ದರೆ ನೀರು ಹೊಂಡದ ನಡುಭಾಗವನ್ನು ಮುಟ್ಟದೆಯೇ ಹೊರಗೆ ಹೋಗುತ್ತದೆ. ಹೊರಬಾಯಿ ನೀರನ್ನು ಮೇಲ್ಪದರದಿಂದಲೇ ಎಳೆಯಬೇಕು. ನೆಟ್ಟಗೆ ನಿಲ್ಲಿಸಿದ 110 ಮಿ.ಮೀ. ಪಿವಿಸಿ ಪೈಪಿಗೆ ಮೇಲಿನ ಅರ್ಧದಲ್ಲಿ ತೂತು ಕೊರೆದು ಸುತ್ತ ಖಡಿ ಹಾಕುವುದು ಸುಲಭ ದಾರಿ. ಹೆಚ್ಚಿನ ನೀರು ದಾಟಿಹೋಗುವ ಜಾಗಕ್ಕೆ ಕಲ್ಲು ಹಾಸಿ. ಹೊಂಡದ ಸುತ್ತ ಬೇಲಿ ಕಡ್ಡಾಯವೆಂದೇ ತಿಳಿಯಿರಿ. ಕೆಲಸಗಾರರ ಶೆಡ್ಡುಗಳಲ್ಲಿ ಸಣ್ಣ ಮಕ್ಕಳಿರುತ್ತಾರೆ, ಒದ್ದೆ ಎರೆಯ ಇಳಿಜಾರಿನಲ್ಲಿ ಜಾರಿ ಬಿದ್ದವರು ತಾವಾಗಿ ಮೇಲೆ ಬರುವುದು ಕಷ್ಟ.

ಮಸಾರಿಯಲ್ಲಿ ಈ ಹೊಂಡ ಒಂದೇ ಬಹುಪಾಲು ಕೆಲಸ ಮಾಡುತ್ತದೆ. ಎರೆಯಲ್ಲಿ ಉಸುಕು-ಹೂಳು ಕೂರುತ್ತದೆ, ಕಪ್ಪು ನೀರು ಹಾಗೇ ಹೊರಗೆ ಹೋಗುತ್ತದೆ. ಆಗ ಎರಡು ದಾರಿ. ನೀರನ್ನು ಹೊರಗೆ ಬಿಡದೆ ಕ್ಯೂರಿಂಗಿಗೆ (ಕಾಂಕ್ರೀಟ್ ಗಟ್ಟಿಯಾಗಲು ನೀರುಣಿಸಲು), ಧೂಳು ಅಡಗಿಸಲು ಬಳಸುವುದು ಒಂದು. ಧೂಳಿಗೆ ಕದಡು ನೀರೂ ನಡೆಯುತ್ತದೆ, ಕ್ಯೂರಿಂಗಿಗೆ ಮಾತ್ರ ತಿಳಿಯಾದದ್ದೇ ಬೇಕು. ಜಾಗ ಸಾಲದಿದ್ದರೆ ಆಲಂ, ಅಂದರೆ ಫಟಕಿ.

ಫಟಕಿಯ ಪ್ರಮಾಣವನ್ನು ಅಂದಾಜಿನಲ್ಲಿ ಹಾಕಬೇಡಿ. 10 ಗ್ರಾಂ ಫಟಕಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿ.ಲೀ.ನಲ್ಲಿ 10 ಮಿ.ಗ್ರಾಂ. ಇರುತ್ತದೆ. ಹೊಂಡದ ನೀರು ತುಂಬಿದ, ಒಂದೊಂದು ಲೀಟರಿನ ನಾಲ್ಕು ಬಾಟಲಿಗಳಿಗೆ ಕ್ರಮವಾಗಿ 3, 5, 8, 10 ಮಿ.ಲೀ. ಹಾಕಿ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ನಿಧಾನಕ್ಕೆ ತಿರುಗಿಸಿ ಅರ್ಧ ಗಂಟೆ ಬಿಡಿ. ತಿಳಿಯಾದವುಗಳಲ್ಲಿ ಅತಿ ಕಡಿಮೆ ಹಾಕಿದ್ದು ಯಾವುದೋ ಅದೇ ಪ್ರಮಾಣ. 8 ಮಿ.ಲೀ. ಬಂದರೆ ಲೀಟರಿಗೆ 80 ಮಿ.ಗ್ರಾಂ., 100 ಘನ ಮೀಟರಿಗೆ 8 ಕೆ.ಜಿ. ಕರಗಿಸಿದ ಫಟಕಿಯನ್ನು ಪಂಪಿನಿಂದ ಹೊಂಡದ ತುಂಬ ಹರಡಿ, ಒಂದು ದಿನ ನಿಲ್ಲಿಸಿ, ಪಿಎಚ್ ನೋಡಿ, ಮೇಲಿನ ತಿಳಿ ಮಾತ್ರ ಬಿಡಿ. ಫಟಕಿ ಪಿಎಚ್ ಇಳಿಸುತ್ತದೆ, 6.5ಕ್ಕಿಂತ ಕೆಳಗಿದ್ದರೆ ಬಿಡಬೇಡಿ. ಹುಳಿ ನೀರಿನಲ್ಲಿ ಕರಗಿದ ಅಲ್ಯೂಮಿನಿಯಂ ಮೀನಿಗೆ ವಿಷ. ಹರಿಯುವ ಗಟಾರಕ್ಕೆ ಫಟಕಿ ಹೆಂಟೆ ಕಟ್ಟಿ ಇಳಿಬಿಡುವ ಪದ್ಧತಿಯಿಂದ ಏನೂ ಸಿಗದು, ಗುಪ್ಪೆ ಗಟ್ಟಿದ ಜೇಡಿ ಮುಂದಿನ ನಾಲಾದಲ್ಲಿ ಕೂರುತ್ತದೆ ಅಷ್ಟೇ.

ಹೊದಿಕೆ: ಎರೆಮಣ್ಣಿನವರು ಇಲ್ಲಿ ದುಡ್ಡು ಹಾಕಿ

ಮಳೆ ಹನಿ ನೇರವಾಗಿ ಬರಿ ಮಣ್ಣಿಗೆ ಬಡಿದಾಗಲೇ ಜೇಡಿ ಬಿಡಿಸಿಕೊಳ್ಳುವುದು. ಬಿಡಿಸಿಕೊಂಡ ಮೇಲೆ ಹಿಡಿಯುವ ಖರ್ಚು, ಬಿಡಿಸಿಕೊಳ್ಳದಂತೆ ಮುಚ್ಚುವ ಖರ್ಚಿನ ಹಲವು ಪಟ್ಟು. ಈ ಒಂದು ಮಾತು ಅರ್ಥವಾದರೆ ಎರೆಭೂಮಿಯ ಸೈಟಿನ ಉಳಿದ ನಿರ್ಧಾರಗಳು ಸಲೀಸು.

ತಾಡಪತ್ರಿ ಹಾಕಬೇಕಾದ್ದು ಇವತ್ತು ಅಗೆದು ನಾಡಿದ್ದು ತುಂಬುವ ಮಣ್ಣಿನ ಗುಡ್ಡೆಗೆ. ಮೇಲೆ 2 ಮೀಟರಿಗೊಂದು ಉಸುಕಿನ ಚೀಲ, ಏರಿನ ಕಡೆಯ ಹಾಳೆ ಇಳಿಜಾರಿನ ಹಾಳೆಯ ಮೇಲೆ ಬರುವಂತೆ ಅರ್ಧ ಮೀಟರ್ ಸೇರಿಕೆ. ತಾಡಪತ್ರಿಯ ಮೇಲೆ ಬಿದ್ದ ನೀರೆಲ್ಲ ಹರಿದೇ ಹರಿಯುತ್ತದೆ, ಅದು ಇಳಿಯುವ ಜಾಗದಲ್ಲಿ ಕಲ್ಲು ಹಾಕದಿದ್ದರೆ ಅಲ್ಲೇ ಕೊರಕಲು ಬೀಳುತ್ತದೆ. ಬಿಸಿಲಿಗೆ ತೆಳು ಹಾಳೆ ಒಂದು ಹಂಗಾಮಿನಲ್ಲೇ ಚಿಂದಿಯಾಗುತ್ತದೆ.

ಎರಡು-ಮೂರು ತಿಂಗಳು ಮುಟ್ಟದೆ ಬಿಡುವ ನೆಲಕ್ಕೆ ಒಣಹುಲ್ಲೇ ಉತ್ತಮ. ಎಕರೆಗೆ 2 ಟನ್, ಅಂದರೆ ಗುಂಟೆಗೆ 50 ಕೆ.ಜಿ. ಹಾಸಿದಾಗ ನೆಲ ಅಲ್ಲಲ್ಲಿ ಮಾತ್ರ ಕಾಣಬೇಕು. ಕಲಘಟಗಿ, ಹಾನಗಲ್ ಕಡೆಯ ಭತ್ತದ ಹುಲ್ಲು ಚೆನ್ನಾಗಿ ಹೆಣೆದುಕೊಳ್ಳುತ್ತದೆ. ಜೋಳದ ಕಣಕಿ ಕತ್ತರಿಸಿ ಹಾಕಿದರೂ ಆದೀತು, ಆದರೆ ಅದು ದನದ ಮೇವು, ದರ ಹೆಚ್ಚು. ಶೇಂಗಾ ಹೊಟ್ಟು ಬೇಡ, ಮೊದಲ ಗಾಳಿಗೆ ಹಾರುತ್ತದೆ, ಮೊದಲ ನೀರಿಗೆ ತೇಲಿ ಗಟಾರದ ಜಾಳಿಗೆ ಕಟ್ಟುತ್ತದೆ. ಹುಲ್ಲಿನ ಮೇಲೆ ಹಗ್ಗ ಅಡ್ಡಾದಿಡ್ಡಿ ಎಳೆದು ಗೂಟಕ್ಕೆ ಕಟ್ಟಿದರೆ ಗಾಳಿಗೂ ನಿಲ್ಲುತ್ತದೆ.

ಬಿತ್ತನೆ ಇನ್ನೂ ಅಗ್ಗ, ಆದರೆ ಸಮಯ ಬೇಕು. ಲೇಔಟಿನ ಮಾರಾಟವಾಗದ ಪ್ಲಾಟುಗಳಿಗೆ, ರಸ್ತೆ ಬದಿಯ ಇಳಿಜಾರಿಗೆ ರೋಹಿಣಿ ಮಳೆಯ ಹದದಲ್ಲಿ ಹುರುಳಿಯನ್ನು ಎಕರೆಗೆ 15-20 ಕೆ.ಜಿ. ಎರಚಿದರೆ ವಾರದೊಳಗೆ ಮೊಳೆತು ಐದಾರು ವಾರಕ್ಕೆ ನೆಲ ಮುಚ್ಚುತ್ತದೆ. ಅಲ್ಲಿಯವರೆಗೆ ತೆಳುವಾಗಿ ಹುಲ್ಲು ಹಾಸಿರಬೇಕು. ಕಾಯಂ ಇಳಿಜಾರಿಗೆ ಕರಕಿ (ಗರಿಕೆ), ಕೊರಕಲು ಬೀಳುವ ಅಂಚಿಗೆ ಲಾವಂಚ.

ಓಡಾಡುವ ದಾರಿ, ಸಾಮಾನು ಇಳಿಸುವ ಜಾಗಕ್ಕೆ ಗರಸು ಬಿಟ್ಟರೆ ಬೇರೆ ಇಲ್ಲ. 15 ಸೆಂ.ಮೀ. ಹಾಕಿ ರೋಲರ್ ಹೊಡೆಸಿ.

ಎಲ್ಲಕ್ಕಿಂತ ಅಗ್ಗದ ಹೊದಿಕೆ, ಅಗೆಯದೇ ಬಿಟ್ಟ ನೆಲ. ಐದು ಎಕರೆ ಲೇಔಟನ್ನು ಮೇ ತಿಂಗಳಲ್ಲಿ ಒಮ್ಮೆಲೇ ಜೆಸಿಬಿಯಿಂದ ಸವರಿಸುವ ಬದಲು, ಮಿರಗ (ಮೃಗಶಿರಾ ಮಳೆ) ಹಿಡಿಯುವ ಮೊದಲು ರಸ್ತೆ, ಗಟಾರ ಮುಗಿಸಬಹುದಾದಷ್ಟೇ ಭಾಗ ಅಗೆಯಿರಿ. ಧಾರವಾಡದ ಪಶ್ಚಿಮಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಮಳೆ. ಹುಬ್ಬಳ್ಳಿಯಿಂದ ಗದಗದ ಕಡೆಗೆ ಮೇ ತಿಂಗಳ ಅಡ್ಡಮಳೆ ಮತ್ತು ಉತ್ತರಾ, ಹಸ್ತಾ, ಚಿತ್ತಾ ಮಳೆಗಳೇ ಜೋರು. ಆದ್ದರಿಂದ ಗದಗ ಕಡೆಯವರು ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಿತೆಂದು ಹೊದಿಕೆ ತೆಗೆಯಬಾರದು, ಅಲ್ಲಿನ ದೊಡ್ಡ ಮಳೆ ಸೆಪ್ಟೆಂಬರಿನದು.

ಗೇಟು: ಕಲ್ಲುಹಾಸು, ಗಾಲಿ ತೊಳೆಯುವ ತೊಟ್ಟಿ, ಗುಡಿಸುವುದು

ಟಿಪ್ಪರಿನ ಗಾಲಿಗೆ ಅಂಟಿದ ಎರೆ ರಸ್ತೆಗೆ ಬಿದ್ದು, ಮಳೆಗೆ ಜಾರಿಕೆಯಾಗಿ ಬೈಕಿನವರನ್ನು ಕೆಡವಿ, ಕೊನೆಗೆ ಗಟಾರ ಸೇರುತ್ತದೆ. ಕಲ್ಲುಹಾಸಿನ ಅಳತೆ 15 ಮೀಟರ್ ಉದ್ದ, 4 ಮೀಟರ್ ಅಗಲ, 15 ಸೆಂ.ಮೀ. ದಪ್ಪ, ಕಲ್ಲು 50-75 ಮಿ.ಮೀ. ಒಟ್ಟು 9 ಘನ ಮೀಟರ್, ಸುಮಾರು ಮೂರೂಕಾಲು ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). 15 ಮೀಟರ್ ಯಾಕೆಂದರೆ ಟಿಪ್ಪರಿನ ಗಾಲಿ ನಾಲ್ಕೈದು ಸುತ್ತು ತಿರುಗಿದರೆ ಮಾತ್ರ ಸಂದಿನ ಮಣ್ಣು ಉದುರುತ್ತದೆ. 20 ಮಿ.ಮೀ. ಖಡಿ ಹಾಕಿದರೆ ಅದೇ ಗಾಲಿಯ ಸಂದಿಗೆ ಸಿಕ್ಕಿಕೊಂಡು ರಸ್ತೆಗೆ ಹೋಗುತ್ತದೆ. ಎರೆಯ ಮೇಲೆ ನೇರ ಹಾಕಿದ ಕಲ್ಲು ಒಂದು ಮಳೆಗೇ ಹೂತುಹೋಗುತ್ತದೆ. ಕೆಳಗೆ ಜಿಯೋಟೆಕ್ಸ್‌ಟೈಲ್ ಹಾಸಿ, ಇಲ್ಲವೇ ದಪ್ಪವನ್ನು ಇಮ್ಮಡಿ ಮಾಡಿ. ಬಟ್ಟೆಯೇ ಅಗ್ಗ ಬೀಳುತ್ತದೆ.

ಗಾಲಿ ತೊಳೆಯುವ ವ್ಯವಸ್ಥೆ ದಿನವೂ ಸಾಲುಗಟ್ಟಿ ಟಿಪ್ಪರ್ ಓಡುವ ದೊಡ್ಡ ಸೈಟಿಗೆ ಮಾತ್ರ ಯೋಗ್ಯ. ಬರೀ ನೀರು ತುಂಬಿದ ತಗ್ಗಿನಲ್ಲಿ ಗಾಲಿ ಅದ್ದಿದರೆ ಎರೆ ಬಿಡುವುದಿಲ್ಲ, ಒತ್ತಡದ ಪಂಪು ಬೇಕು. ಆ ರಾಡಿ ನೀರಿಗೆ ಮತ್ತೊಂದು ತೊಟ್ಟಿಯೂ ಬೇಕು. ಸಣ್ಣ ಸೈಟಿಗೆ ಸಲಿಕೆಯಿಂದ ಗಾಲಿ ಕೆರೆದು, ಸಂಜೆ ರಸ್ತೆ ಗುಡಿಸಿ, ಮಣ್ಣನ್ನು ಒಳಗೆ ತರುವುದು ಸಾಕು. ಟ್ಯಾಂಕರ್ ನೀರು ಹೊಡೆದು ರಸ್ತೆ ತೊಳೆಯಬೇಡಿ, ತಡೆಯಬೇಕಾದ್ದನ್ನೇ ಕೈಯಾರೆ ಗಟಾರಕ್ಕೆ ನೂಕಿದಂತಾಗುತ್ತದೆ.

ಕಾಂಕ್ರೀಟ್ ತೊಳೆದ ನೀರು, ಪಾಯದ ನೀರು

ಕಾಂಕ್ರೀಟ್ ತೊಳೆದ ನೀರಿನ ಪಿಎಚ್ 12 ದಾಟುತ್ತದೆ, ಮೀನಿಗೂ ಗೌಂಡಿಗಳ ಕೈಗೂ ಸುಡುವಷ್ಟು ಕ್ಷಾರ. ಇದಕ್ಕೆ ಆಯ್ಕೆಯ ಪ್ರಶ್ನೆಯೇ ಇಲ್ಲ, ತೊಟ್ಟಿ ಬೇಕೇ ಬೇಕು. 2 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂ.ಮೀ. ಆಳದ ತಗ್ಗಿಗೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಹಾಸಿದರೆ 2.4 ಘನ ಮೀಟರ್ ಹಿಡಿಯುತ್ತದೆ. ಗಟಾರ, ಬಾವಿ, ಬೋರ್‌ವೆಲ್‌ನಿಂದ 15 ಮೀಟರ್ ದೂರವಿರಲಿ. ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ತರುವ ಲಾರಿ) ಹಿಂದಿನ ಜಾರುದೋಣಿ ತೊಳೆಯಲು ಮಾತ್ರ ಇದು. ಡ್ರಮ್ಮನ್ನು ಪ್ಲಾಂಟಿಗೆ ಹೋಗಿಯೇ ತೊಳೆಯಬೇಕೆಂದು ಸರಬರಾಜು ಆರ್ಡರಿನಲ್ಲಿ ಬರೆಸಿ. ಮುಕ್ಕಾಲು ತುಂಬಿದಾಗ ನೀರು ಆವಿಯಾಗಲು ಬಿಟ್ಟು, ಗಟ್ಟಿಯಾದದ್ದನ್ನು ಒಡೆದು ಕಟ್ಟಡ ತ್ಯಾಜ್ಯಕ್ಕೆ ಹಾಕಿ. ಮಳೆ ಬರುವ ಮುನ್ನ ತೊಟ್ಟಿಗೂ ತಾಡಪತ್ರಿ ಮುಚ್ಚಿ.

ಪಾಯದಲ್ಲಿ ನಿಂತ ನೀರನ್ನು ಎತ್ತುವಾಗ ಫುಟ್‌ವಾಲ್ವನ್ನು (ಪಂಪಿನ ಪೈಪು ನೀರು ಹೀರುವ ಬಾಯಿ) ತಳಕ್ಕೆ ಬಿಡಬೇಡಿ. ಖಾಲಿ ಡಬ್ಬಿಗೆ ಕಟ್ಟಿ ತೇಲಿಸಿ, ಮೇಲಿನ ನೀರನ್ನು ಮೊದಲು ತೆಗೆಯಿರಿ. ಪೈಪಿನ ಬಾಯಿಗೆ ಕಟ್ಟುವ ಜಿಯೋಟೆಕ್ಸ್‌ಟೈಲ್ ಚೀಲ ಮಸಾರಿ ನೀರಿಗೆ ಒಳ್ಳೆಯದು. ಎರೆಯ ನೀರಿನಲ್ಲಿ ಜೇಡಿ ತೂರಿ ಹೋಗುತ್ತದೆ, ಇಲ್ಲವೇ ಚೀಲ ಬೇಗ ಕಟ್ಟಿ ಒಡೆಯುತ್ತದೆ. ಎರೆಯವರು ಹೊಂಡಕ್ಕೇ ಪಂಪ್ ಮಾಡಿ, ಅಥವಾ ಪಕ್ಕದ ಹುಲ್ಲುನೆಲದ ಮೇಲೆ ಮಾಲೀಕರನ್ನು ಕೇಳಿ ನಿಧಾನವಾಗಿ ಹರಡಿ.

ಯಾರಿಗೆ ಯಾವುದು

30x40 ಅಡಿಯ ಮನೆ ಕಟ್ಟುವವರಿಗೆ ಹೊಂಡಕ್ಕೆ ಜಾಗವಿಲ್ಲ. ಅಲ್ಲಿ ಅಗೆದ ಮಣ್ಣನ್ನು ರಸ್ತೆಗೆ ಹಾಕದಿರುವುದು, ಹೆಚ್ಚಾದದ್ದನ್ನು ಅವತ್ತೇ ಸಾಗಿಸುವುದು, ಉಳಿದದ್ದಕ್ಕೆ ತಾಡಪತ್ರಿ, ಗಟಾರದ ಬಾಯಿಗೆ ಖಡಿ ಚೀಲ, ಮಿಕ್ಸರ್ ತೊಳೆಯಲು ಒಂದು ತೊಟ್ಟಿ, ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. 10 ಗುಂಟೆಯವರೆಗೆ ಇದಕ್ಕೆ ಸಿಲ್ಟ್ ಫೆನ್ಸ್, ಕಲ್ಲುಹಾಸು ಸೇರಿಸಿ. ಎಕರೆ ದಾಟಿದ ಲೇಔಟಿಗೆ ಮೇಲಂಚಿನ ಒಡ್ಡು, ಹಂತಹಂತದ ಅಗೆತ, ಹುಲ್ಲು ಅಥವಾ ಹುರುಳಿ, ಕೆಳತುದಿಗೆ ಹೊಂಡ. ಎರೆಯಾದರೆ ಹುಲ್ಲಿಗೆ, ಮಸಾರಿಯಾದರೆ ಹೊಂಡಕ್ಕೆ ಹೆಚ್ಚು ಪಾಲು. 20,000 ಚದರ ಮೀಟರ್ ಮುಟ್ಟಿದವರು ಎಲ್ಲವನ್ನೂ ಮಾಡಿ ದಾಖಲೆಯನ್ನೂ ಇಡಬೇಕು.

ನೀರು ಹೋಗಿ ಸೇರುವ ತಾಣ ಈ ಲೆಕ್ಕವನ್ನು ಬಿಗಿ ಮಾಡುತ್ತದೆ. ಉಣಕಲ್ ಕೆರೆ, ತೋಳನಕೆರೆ, ಧಾರವಾಡದ ಕೆಲಗೇರಿ ಕೆರೆಗೆ ಹರಿಯುವ ಕಡೆ ಸಣ್ಣ ಸೈಟೂ ದೊಡ್ಡದರ ಕ್ರಮ ಪಾಲಿಸಲಿ. ನಿಂತ ನೀರಿಗೆ ಸೇರಿದ ಜೇಡಿ ಎಲ್ಲಿಗೂ ಹೋಗುವುದಿಲ್ಲ, ಕೆರೆಯ ಆಳವನ್ನೇ ತಿನ್ನುತ್ತದೆ. ಉಣಕಲ್ ನಾಲಾ, ರಾಜನಾಲಾದ ಅಂಚಿನವರ ಸಮಸ್ಯೆ ಬೇರೆ. ಅಲ್ಲಿ ಹೂಳು ನಾಲಾದ ಹಾಸನ್ನು ಏರಿಸಿ ತಗ್ಗಿನ ಮನೆಗಳಿಗೆ ನೀರು ನುಗ್ಗಿಸುತ್ತದೆ.

ತಪಾಸಣೆಗೆ ಅಮೆರಿಕದ ಪರವಾನಿಗೆಯ ಕ್ರಮ ನಮಗೂ ಒಗ್ಗುತ್ತದೆ: 7 ದಿನಕ್ಕೊಮ್ಮೆ, ಇಲ್ಲವೇ 14 ದಿನಕ್ಕೊಮ್ಮೆ ಮತ್ತು 6 ಮಿ.ಮೀ. ದಾಟಿದ ಪ್ರತಿ ಮಳೆಯ ನಂತರ 24 ಗಂಟೆಯೊಳಗೆ. ನೆಟ್ಟಗಿನ ಗೋಡೆಯ ಡಬ್ಬಿಯನ್ನು ಬಯಲಲ್ಲಿ ಇಟ್ಟು ಬಿದ್ದ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ಅದೇ ಮಳೆಮಾಪಕ. ಪುಸ್ತಕದಲ್ಲಿ ದಿನಾಂಕ, ಮಳೆ ಎಷ್ಟು ಮಿ.ಮೀ., ಎಲ್ಲಿ ಒಡೆದಿದೆ, ಯಾರು ಯಾವಾಗ ದುರಸ್ತಿ ಮಾಡಿದರು, ಹೊರಬಾಯಿಯ ಫೋಟೋ, ಪಿಎಚ್ ಪಟ್ಟಿಯ ಓದು ಇರಲಿ. ಆರು ತಿಂಗಳ ವರದಿ ಈ ಪುಸ್ತಕದಿಂದಲೇ ಹುಟ್ಟಬೇಕು, ವರದಿಯ ಹಿಂದಿನ ದಿನ ಪುಸ್ತಕ ಹುಟ್ಟಬಾರದು.

ಕೆಲಸ ಮುಗಿದ ಮೇಲೆ ಬಿಚ್ಚುವ ಕ್ರಮವೂ ಇದೆ. ಮೇಲಿನ ನೆಲಕ್ಕೆ ಹುಲ್ಲು ಹಿಡಿದು ಅಥವಾ ಹಾಸುಗಲ್ಲು ಬಿದ್ದ ಮೇಲೆಯೇ ಕೆಳಗಿನ ತಡೆ ತೆಗೆಯಿರಿ, ಹೊಂಡ ಎಲ್ಲಕ್ಕಿಂತ ಕೊನೆಗೆ. ಗಟಾರದ ಬಾಯಿಯ ಚೀಲ ಎತ್ತುವ ಮೊದಲು ಅದರ ಹಿಂದೆ ಕೂತ ಹೂಳನ್ನು ಸಲಿಕೆಯಿಂದ ತೆಗೆಯಬೇಕು. ಹೊಂಡದ ಹೂಳು ಎರೆಯಾಗಿದ್ದರೆ ಅದನ್ನು ಪ್ಲಿಂತ್ (ಕಟ್ಟಡದ ನೆಲದಡಿಯ ಪೀಠ) ಒಳಗೆ ತುಂಬಿಸಬೇಡಿ, ನೀರು ಕುಡಿದು ಉಬ್ಬಿ ನೆಲಹಾಸು ಎಬ್ಬಿಸುತ್ತದೆ. ಒಣಗಿಸಿ ಉದ್ಯಾನದ ಜಾಗಕ್ಕೆ ಹರಡಿ, ಮೇಲೆ ಕರಕಿ ನೆಡಿ. ಫಟಕಿ ಹಾಕಿದ ಹೂಳಿದ್ದರೆ ಅದನ್ನು ಬೇರೆಯಾಗಿ ಒಣಗಿಸಿ, ಕೆರೆ-ಬಾವಿಯಿಂದ ದೂರದ ತಗ್ಗಿಗೆ ಹಾಕಿ ಮಣ್ಣು ಮುಚ್ಚಿ.